ಅಮ್ಮನ ಎಡಗೈ ತಾಗಿದರೆ

ಹೊಲಿಗೆ ಅಂಗಡಿಯ ಮೇಲ್ಮನೆ,
ಮಾರ್ಚ್ ೯, ಸೋಮವಾರ, ಊಟವಾದ ಮೇಲೆ

ಪ್ರೀತಿಯ ದಾರದುಂಡೆಗೆ ಅಪ್ಪನ ಆಶೀರ್ವಾದಗಳು.

ಮೊದಲು ನಿನ್ನ ಕೆಮ್ಮಿನ ವಿಷಯ ಹೇಳು. ಹೋದ ತಿಂಗಳು ಮಾತಾಡಿದಾಗ ನಿನ್ನ ದನಿ ತಗಡು ಬಡಿದ ಹಾಗಿತ್ತು. ಆ ದ್ವೀಪದ ಬಂಡೆಗಳ ಮೇಲೆ ಗಾಳಿಗೆ ಮುಖ ಕೊಟ್ಟು ಕೂತು ಹಕ್ಕಿ ಎಣಿಸುವವಳಿಗೆ ಕೆಮ್ಮು ಬರದೆ ಇನ್ನೇನು ಬರುತ್ತದೆ? ಅಮ್ಮ ಹೊಲಿದುಕೊಟ್ಟ ಉಣ್ಣೆಯ ಟೋಪಿ ನಿನ್ನ ಪೆಟ್ಟಿಗೆಯ ತಳದಲ್ಲೇ ಬೆಚ್ಚಗೆ ಮಲಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅದನ್ನು ತೆಗೆದು ತಲೆಗೆ ಹಾಕಿಕೋ, ಹಕ್ಕಿಗಳೇನೂ ನೋಡಿ ನಗುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ತನ್ನ ಪಾಡಿಗೆ ತಾನು ಕಟಕಟ ಎನ್ನುತ್ತಿದೆ. ಆಯುಷ್ಯವೆಲ್ಲ ಊರವರ ಲಿಫ್ಟುಗಳನ್ನು ರಿಪೇರಿ ಮಾಡಿದ ಮನುಷ್ಯ ಕೊನೆಗೆ ಲಿಫ್ಟಿಲ್ಲದ ಮನೆಯಲ್ಲಿ ಮೆಟ್ಟಿಲು ಎಣಿಸುತ್ತಿದ್ದಾನೆಂದು ನಿನ್ನ ಅಮ್ಮ ಇವತ್ತು ಬೆಳಗ್ಗೆಯೂ ನಕ್ಕಳು. ನಕ್ಕಳು ಎಂದು ಬರೆದಿದ್ದೇನೆ, ಗಮನಿಸು. ಅವಳು ನಗದೆ ಬಹಳ ದಿನಗಳಾಗಿದ್ದವು. ಈ ಪತ್ರ ಅವಳು ಮತ್ತೆ ಹೇಗೆ ನಕ್ಕಳು ಎನ್ನುವುದರ ಬಗ್ಗೆಯೇ. ಲಕೋಟೆಯ ಜೊತೆ ಒಂದು ಪುಟ್ಟ ಪೊಟ್ಟಣ ಇದೆ. ಚಿಕ್ಕಂದಿನಿಂದ ನಿನಗೆ ತಾಳ್ಮೆ ಎಂಬುದೇ ಇಲ್ಲ, ಆದರೂ ಹೇಳುತ್ತೇನೆ: ಪತ್ರ ಪೂರ್ತಿ ಓದುವ ತನಕ ಅದನ್ನು ಬಿಚ್ಚಬೇಡ.

ನೀನು ಕಳಿಸಿದ ಕೊನೆಯ ಸಂದೇಶ ನನಗೆ ಬಾಯಿಪಾಠವಾಗಿದೆ. "ಅಮ್ಮನಿಗೆ ಇಷ್ಟವಿಲ್ಲ ಅಂತ ಗೊತ್ತಾಯಿತು. ಇನ್ನು ಕರೆ ಮಾಡಿ ನೋಯಿಸುವುದಿಲ್ಲ. ಮದುವೆ ಇಲ್ಲೇ ನಾಲ್ಕು ಜನರ ಮುಂದೆ ಮುಗಿಸಿಕೊಳ್ಳುತ್ತೇವೆ." ಅದಾದ ಮೇಲೆ ನಿನ್ನ ಗುರುವಾರದ ಕರೆ ನಿಂತೇ ಹೋಯಿತು. ಅಮ್ಮ ಕರೆ ಕತ್ತರಿಸಿಲ್ಲ, ಮತ್ತೆ ಮಾಡು ಎಂದು ನಾನು ಎರಡು ಸಾಲಿನ ಉತ್ತರ ಕಳಿಸಿದೆ. ಅದನ್ನು ಓದಿಯೂ ನೀನು ಮುಖ ಊದಿಸಿಕೊಂಡು ಕೂತಿದ್ದೀಯೋ, ಇಲ್ಲ ನಿಮ್ಮ ಹಕ್ಕಿ ಅಧ್ಯಯನ ಕೇಂದ್ರದ ಚಾವಣಿಯ ಮೇಲಿನ ಡಿಶ್ ಮತ್ತೆ ಗಾಳಿಗೆ ಬಿದ್ದು ಇಂಟರ್ನೆಟ್ ಹೋಗಿದೆಯೋ ತಿಳಿಯದು. ದೋಣಿ ಮಾತ್ರ ಗಾಳಿಗಾಗಲಿ ಮುನಿಸಿಗಾಗಲಿ ನಿಲ್ಲುವುದಿಲ್ಲ ಎಂದು ನೀನೇ ಹೇಳಿದ್ದೆ. ಅದಕ್ಕೇ ಕಾಗದ, ಪೆನ್ನು. ಹೇಗೂ ನಿಮ್ಮ ದ್ವೀಪಕ್ಕೆ ದಿನಸಿ, ಟಪಾಲು ತರುವ ದೋಣಿ ನಿನ್ನ ಹುಡುಗನದೇ ಅಲ್ಲವೇ? ಹಾಗಿದ್ದರೆ ನಮ್ಮ ಭಾವೀ ಅಳಿಯನೇ ಈ ಪತ್ರವನ್ನು ನಿನ್ನ ಕೈಗಿಟ್ಟಿರುತ್ತಾನೆ. ಇಡುವಾಗ ಅವನ ಮುಖ ಹೇಗಿತ್ತೆಂದು ಮುಂದೆ ಎಂದಾದರೂ ನನಗೆ ಹೇಳಬೇಕು.

ಈಗ ಕೇಳು. ನೀನು ಮದುವೆಯ ಸುದ್ದಿ ಹೇಳಿದ ಆ ಗುರುವಾರ ನಾನು ಮನೆಯಲ್ಲಿರಲಿಲ್ಲ. ಮೂಲೆಯ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ಒಳಗೆ ಸಿಕ್ಕಿಕೊಂಡ ಹಲ್ಲಿನ ಡಾಕ್ಟರು ಕಟ್ಟಡಕ್ಕೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದರು. ನಿವೃತ್ತನಾದರೂ ಜನ ನನ್ನನ್ನು ಬಿಡುವುದಿಲ್ಲ, ಬಿಟ್ಟರೆ ನನಗೂ ಬೇಜಾರು. ನಾನು ವಾಪಸು ಬರುವ ಹೊತ್ತಿಗೆ ಅಮ್ಮ ಕೆಳಗಿನ ಅಂಗಡಿಯಲ್ಲಿ, ಕತ್ತರಿಸುವ ಮೇಜಿನ ಮುಂದೆ ಸುಮ್ಮನೆ ಕೂತಿದ್ದಳು. ಎದುರಿಗೆ ನೀನು ಕೊಡಿಸಿದ ಲ್ಯಾಪ್‌ಟಾಪು, ಪರದೆ ಪೂರ್ತಿ ಕಪ್ಪು. ಏನಾಯಿತೆಂದರೆ ಒಂದೇ ಮಾತು: "ಮಗಳು ಮುಚ್ಚಿಬಿಟ್ಟಳು." ನೀನು ದೋಣಿಯವನ ವಿಷಯ ಹೇಳಿದೆಯಂತೆ, ಅವಳು ಉತ್ತರ ಕೊಡಲು ಬಾಯಿ ತೆರೆದಳಂತೆ, ಅಷ್ಟರಲ್ಲಿ ನೀನು ಮಾಯ. ಅದಕ್ಕೂ ಹಿಂದಿನ ಎರಡು ಗುರುವಾರ ಹೀಗೇ ಆಗಿತ್ತಂತೆ. ಮಾತು ಇನ್ನೇನು ಮನಸ್ಸಿಗೆ ತಾಗಬೇಕು ಎನ್ನುವಾಗ ಕತ್ತಲೆ. ನೀನು ಅಂಗಡಿ ನೋಡಿಕೊಳ್ಳದೆ ಹಕ್ಕಿಗಳ ಹಿಂದೆ ಹೋದದ್ದಕ್ಕೆ ಅವಳು ಏನಾದರೂ ಅಂದಾಳೆಂಬ ಹೆದರಿಕೆಯಿಂದ ನೀನೇ ಮುಚ್ಚುತ್ತೀಯ ಎಂದು ಅವಳ ಲೆಕ್ಕ. ಅತ್ತ ಅಮ್ಮನೇ ಕೋಪದಿಂದ ಕರೆ ಕತ್ತರಿಸುತ್ತಾಳೆಂದು ನಿನ್ನ ಲೆಕ್ಕ. ಹಠದಲ್ಲಿ ನೀವಿಬ್ಬರೂ ಒಂದೇ ಥಾನಿನ ಬಟ್ಟೆ.

ನನಗೆ ಮಾತ್ರ ಒಂದು ಅನುಮಾನ ಬಂತು. ಕರೆ ಕತ್ತರಿಸಿದರೆ ಪರದೆಯ ಮೇಲೆ ಹಾಗೆಂದು ಬರೆದು ಬರುತ್ತದೆ. ಇಲ್ಲಿ ಪರದೆಯೇ ಸತ್ತಿತ್ತು, ಪಕ್ಕದಲ್ಲಿ ಸಣ್ಣ ದೀಪವೊಂದು ನಿಧಾನವಾಗಿ ಕಣ್ಣು ಮಿಟುಕಿಸುತ್ತಿತ್ತು. ಗುಂಡಿ ಒತ್ತಿದೆ. ಎದ್ದು ಕೂತು ಪಾಸ್‌ವರ್ಡ್ ಕೇಳಿತು. ಅಂದರೆ ಅದು ನಿದ್ದೆ ಹೋಗಿತ್ತು. ಮಗಳು ಮದುವೆಯ ಸುದ್ದಿ ಹೇಳುವ ಹೊತ್ತಿನಲ್ಲಿ ನಿದ್ದೆ ಹೋಗುವ ಪ್ರಾಣಿ ಈ ಭೂಮಿಯ ಮೇಲೆ ಬೇರೆ ಯಾವುದಿದೆ ಹೇಳು. ನಿನ್ನ ಅಮ್ಮನಿಗೆ ಇದನ್ನು ಹೇಳಿದರೆ ನಂಬಬೇಕಲ್ಲ. "ನಿಮ್ಮ ಕೈಲಿ ಮಲಗದ್ದು ನನ್ನ ಕೈಲಿ ಯಾಕೆ ಮಲಗುತ್ತೆ? ಸಮಾಧಾನ ಮಾಡೋಕೆ ಕಥೆ ಕಟ್ಟಬೇಡಿ" ಎಂದು ಎದ್ದುಹೋದಳು. ಮರುದಿನದಿಂದ ಆ ಪೆಟ್ಟಿಗೆಯನ್ನು ಮುಟ್ಟುವುದನ್ನೇ ಬಿಟ್ಟಳು. ಧೂಳು ಒರೆಸುವಾಗಲೂ ಅದರ ಸುತ್ತ ಒರೆಸುತ್ತಿದ್ದಳು. ಗಿರಾಕಿಗಳ ಎದುರು ಎಂದಿನಂತೆ ಮಾತಾಡುವಳು, ಗಿರಾಕಿ ಹೋದೊಡನೆ ಬಾಯಿಗೆ ಬೀಗ. ನನಗೆ ಆ ಮೌನ ಸಹಿಸಲಾಗಲಿಲ್ಲ ಕಣೇ. ಅಮ್ಮ ಮಗಳು ಜಗಳವಾಡಿದರೆ ನಾನು ನಡುವೆ ಕೂತು ಪಾಪ್‌ಕಾರ್ನ್ ತಿನ್ನಬಲ್ಲೆ, ನೀವು ಮಾತು ಬಿಟ್ಟರೆ ಮಾತ್ರ ನನ್ನ ಕೈಕಾಲು ಆಡುವುದಿಲ್ಲ. ಯಂತ್ರದ್ದೇ ತಪ್ಪೆಂದು ಸಾಬೀತು ಮಾಡುವುದು ಬಿಟ್ಟು ನನಗೆ ಬೇರೆ ದಾರಿ ಇರಲಿಲ್ಲ.

ಲಿಫ್ಟಿನವರಿಗೆ ಒಂದು ಅಭ್ಯಾಸ ಇದೆ. ಏನು ಕೆಟ್ಟರೂ ಮೊದಲು ಬಾಗಿಲನ್ನು ಅನುಮಾನಿಸುತ್ತೇವೆ, ಮೋಟಾರು, ತಂತಿ, ಹಗ್ಗ ಎಲ್ಲ ಆಮೇಲೆ. ಆದರೆ ಕಂಪ್ಯೂಟರಿಗೆ ಬಾಗಿಲು ಎಲ್ಲಿಂದ ಬಂತು ಎಂದುಕೊಂಡು ನಾನು ನೇರವಾಗಿ ಉಳಿದದ್ದಕ್ಕೆ ಕೈ ಹಾಕಿದೆ. ಚಾರ್ಜರ್ ಬದಲಾಯಿಸಿದೆ. ಪ್ಲಗ್ಗನ್ನು ಇಸ್ತ್ರಿಪೆಟ್ಟಿಗೆಯ ಪಕ್ಕದಿಂದ ಕಿಟಕಿಯ ಕಡೆಗೆ ತಂದೆ. ಸೆಟ್ಟಿಂಗ್ಸಿನೊಳಗೆ ಹೊಕ್ಕು, ಎಷ್ಟು ಹೊತ್ತು ಸುಮ್ಮನಿದ್ದರೆ ಮಲಗಬೇಕು ಎಂಬ ಕಡೆ "ಎಂದೂ ಬೇಡ" ಎಂದು ಒತ್ತಿದೆ. ಆಮೇಲೆ ಸಿನಿಮಾ ಹಾಕಿಕೊಂಡು ಎದುರು ಕೂತೆ. ಸಿನಿಮಾ ಮುಗಿಯುವ ಮೊದಲು ನಾನು ನಿದ್ದೆ ಹೋದೆ, ಅದು ಹೋಗಲಿಲ್ಲ. ಹೊಲಿಗೆ ಯಂತ್ರದ ಅದುರಾಟಕ್ಕೆ ಹೀಗಾಗುತ್ತದೇನೋ ಎಂದು ಬರಿದೇ ಪೆಡಲು ತುಳಿದು ಓಡಿಸಿಯೂ ನೋಡಿದೆ. ನಿನ್ನ ಅಮ್ಮ ಬಂದು ಸೂಜಿ ಮುರಿಯುವ ಮೊದಲು ಏಳಿ ಎಂದಳು. ಅಂದರೆ ಯಂತ್ರಕ್ಕೆ ಯಾವ ರೋಗವೂ ಇರಲಿಲ್ಲ, ಅಥವಾ ವೈದ್ಯನ ಮುಂದೆ ಗಟ್ಟಿಮುಟ್ಟಾಗಿ ಕೂರುವ ರೋಗಿಯ ಹಾಗೆ ನನ್ನೆದುರು ನಾಟಕ ಮಾಡುತ್ತಿತ್ತು.

ಕೊನೆಗೆ ಅದನ್ನು ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿ ಹೊಸದಾಗಿ ಒಬ್ಬಳು ಹುಡುಗಿ ಇದ್ದಾಳೆ, ದಪ್ಪ ಕನ್ನಡಕದವಳು, ಬಲು ಚುರುಕು, ಸ್ಕ್ರೂ ಬಿಚ್ಚುವಾಗ ಸಣ್ಣಗೆ ಹಾಡಿಕೊಳ್ಳುತ್ತಾಳೆ. ಅವಳು ಅದನ್ನು ಕೆಲವು ದಿನ ಇಟ್ಟುಕೊಂಡು ಬ್ಯಾಟರಿ ನೋಡಿದಳು, ಬಿಸಿ ನೋಡಿದಳು, ಒಳಗಿನ ಧೂಳು ಊದಿದಳು. ನಮ್ಮ ಅಂಗಡಿಯ ಬಟ್ಟೆಯ ಜುಂಗು ಒಂದು ಹಿಡಿ ಸಿಕ್ಕಿತಂತೆ. ನಿದ್ದೆ ಮಾತ್ರ ಒಂದು ಸಲವೂ ಸಿಗಲಿಲ್ಲ. "ಅಂಕಲ್, ಆಂಟಿನೇ ಕರ್ಕೊಂಡು ಬನ್ನಿ, ಅವರು ಹೇಗೆ ಕೂತು ಬಳಸ್ತಾರೋ ಹಾಗೇ ಮಾಡಿ ತೋರಿಸಲಿ" ಎಂದಳು. ಸರಿಯಾದ ಮಾತೇ. ನಿನ್ನ ಅಮ್ಮನನ್ನು ಒಪ್ಪಿಸಲು ನಾನು ಹಚ್ಚಿದ ಬೆಣ್ಣೆಯಲ್ಲಿ ಒಂದು ಬೇಕರಿ ನಡೆಯುತ್ತಿತ್ತು. ಅಂತೂ ಒಳ್ಳೆಯ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಬಂದಳು. ಲ್ಯಾಪ್‌ಟಾಪಿನ ಎದುರು ಕೂತಳು, ಎಡಗೈ ಊರಿದಳು, ಬಲಗೈಯಲ್ಲಿ ಒತ್ತಿದಳು. ಪರದೆ ಬೆಳಗುತ್ತಲೇ ಇತ್ತು. ಮತ್ತೆ ಊರಿದಳು. ಕದಲಲಿಲ್ಲ. ಕನ್ನಡಕದ ಹುಡುಗಿ ಬಹಳ ವಿನಯದಿಂದ ಬೇರೆ ಕಡೆ ನೋಡಿದಳು, ಅದು ಇನ್ನೂ ಕಷ್ಟವಾಯಿತು. ಮನೆಯ ಬಾಗಿಲಲ್ಲಿ ಕೀಲಿ ಹುಡುಕುತ್ತಾ ನಿನ್ನ ಅಮ್ಮ ಅಂದಳು: "ಯಂತ್ರ ಸರಿ ಇದೆ ಅಂತ ಆಯ್ತಲ್ಲ. ಅವಳಿಗೆ ನನ್ನ ಮುಖ ನೋಡೋದು ಬೇಡ, ಅಷ್ಟೇ." ನಾನು ಅವಳಿಗೆ ಒಳ್ಳೆಯದು ಮಾಡಲು ಹೋಗಿ ಇದ್ದ ಒಂದು ಸಣ್ಣ ಆಸೆಯನ್ನೂ ಕಿತ್ತುಹಾಕಿದ್ದೆ. ಆ ಸಂಜೆ ಅವಳು ಒಂದು ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟಳು, ನಾನು ನಗಲಿಲ್ಲ. ಅಂಥದ್ದಕ್ಕೆ ನಾನು ನಗದೆ ಇದ್ದೇನೆಂದರೆ ನನ್ನ ಸ್ಥಿತಿ ಏನೆಂದು ನಿನಗೆ ಅರ್ಥವಾಗಬೇಕು.

ಹೀಗಿರುವಾಗ ಮೊನ್ನೆ ಶನಿವಾರ ಬೆಳಗ್ಗೆ, ನನ್ನ ಹೊಸ ಪ್ಯಾಂಟಿನ ಉದ್ದ ಸರಿಮಾಡಲು ಅಮ್ಮ ನನ್ನನ್ನು ಕೆಳಗಿನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ನಿಲ್ಲಿಸಿದಳು. ಅವಳ ಎಡಗೈಯ ಪಿನ್ನಿನ ಪಟ್ಟಿ ನಿನಗೆ ನೆನಪಿದೆಯಲ್ಲ? ನೆನಪಿಲ್ಲದೆ ಏನು, ಕೊಟ್ಟವಳೇ ನೀನು. ಅವಳು ಗುಂಡುಪಿನ್ನುಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಮಾತಾಡುವುದನ್ನು ನೋಡಿ ನೋಡಿ, ಒಂದು ದಿನ ನುಂಗಿಯೇ ಬಿಡುತ್ತಾಳೆಂದು ಹೆದರಿ, ಕೆಲಸಕ್ಕೆ ಹೋಗುವ ಮೊದಲು ನೀನು ತಂದುಕೊಟ್ಟದ್ದು. ಗಡಿಯಾರದಂತೆ ಕಟ್ಟಿಕೊಂಡರೆ ಮೇಲಿನ ಬಿಲ್ಲೆಗೆ ಪಿನ್ನುಗಳು ತಾವೇ ಅಂಟಿಕೊಳ್ಳುತ್ತವೆ. ನೀನು ಹೋದಾಗಿನಿಂದ ಅವಳು ಅದನ್ನು ಮನೆಯೊಳಗೆ ಬಿಚ್ಚಿದ್ದೇ ಇಲ್ಲ. ಕೆಲಸ ಮುಗಿದರೆ ಪಿನ್ನುಗಳನ್ನು ಡಬ್ಬಿಗೆ ಹಾಕಿ, ಬಿಲ್ಲೆಯನ್ನು ಅಂಗೈ ಕಡೆಗೆ ತಿರುಗಿಸಿ, ಸ್ವೆಟರಿನ ತೋಳು ಎಳೆದುಕೊಳ್ಳುತ್ತಾಳೆ. ನಿನ್ನ ಮೇಲೆ ಕೋಪ ಮಾಡಿಕೊಂಡ ದಿನಗಳಲ್ಲೂ ಅದು ಅಲ್ಲೇ ಇತ್ತು. ಅದು ಇದೆ ಎಂಬುದೇ ನಮಗೆ ಮರೆತುಹೋಗಿತ್ತು.

ಶನಿವಾರ ಆ ಪಟ್ಟಿಯ ಕೊಂಡಿ ಸಡಿಲವಾಗಿ ಜಾರುತ್ತಿತ್ತು. ಅಮ್ಮನಿಗೆ ರೇಗಿತು. ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿ, ಕಂಬದ ಹಾಗೆ ನಿಂತಿರಿ ಎಂದಳು. ನಾನು ಕಂಬದ ಹಾಗೆ ನಿಂತು ಪಕ್ಕದ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಹಾಡು ಕೇಳುತ್ತಿದ್ದೆ. ಒಂದು ಕಾಲಿನ ಮಡಿಕೆಗೆ ಪಿನ್ನು ಚುಚ್ಚಿ ಆಗಿತ್ತು, ಬಿಲ್ಲೆ ಖಾಲಿಯಾಗಿ ನನ್ನ ಮಣಿಕಟ್ಟಿನ ಒಳಗಡೆಗೆ ಜಾರಿತ್ತು. ಮಂಡಿ ನೋಯಿತೆಂದು ಬಗ್ಗಿ, ಎಡಗೈಯನ್ನು ಲ್ಯಾಪ್‌ಟಾಪಿನ ಅಂಚಿಗೆ ಊರಿದೆ. ಹಾಡು ನಿಂತಿತು. ಪರದೆ ಕಪ್ಪಾಯಿತು. ಸಣ್ಣ ದೀಪ ಕಣ್ಣು ಮಿಟುಕಿಸತೊಡಗಿತು.

ಆ ಪೆಟ್ಟಿಗೆ ಮೊದಲ ಸಲ ನನಗೂ ಕೈಕೊಟ್ಟಿತ್ತು, ನನಗಾದ ಸಂತೋಷವನ್ನು ಏನೆಂದು ಹೇಳಲಿ! ಸ್ಟೂಲಿನಿಂದ ಹಾರಿದೆ. ಪಿನ್ನು ಕಾಲಿಗೆ ಚುಚ್ಚಿತು, ಚುಚ್ಚಲಿ ಎಂದುಕೊಂಡೆ. ಗುಂಡಿ ಒತ್ತಿ ಎಬ್ಬಿಸಿದೆ, ಕೈ ಇಟ್ಟೆ, ಮಲಗಿತು. ಎಬ್ಬಿಸಿದೆ, ಪಟ್ಟಿ ಬಿಚ್ಚಿ ಕೈ ಇಟ್ಟೆ, ಪರದೆ ಬೆಳಗುತ್ತಲೇ ಇತ್ತು. ಬರೀ ಪಟ್ಟಿಯನ್ನು ಇಟ್ಟೆ, ಮಲಗಿತು. ಆಗ ತಲೆಗೆ ಹೊಳೆಯಿತು ನೋಡು. ಆ ಬಿಲ್ಲೆ ಅಯಸ್ಕಾಂತ. ಲಿಫ್ಟಿನ ಹಾದಿಯಲ್ಲೂ ಅಲ್ಲಲ್ಲಿ ಅಯಸ್ಕಾಂತ ಕೂರಿಸಿರುತ್ತೇವೆ, ಅದರ ಎದುರು ಬಂದಾಗ ಲಿಫ್ಟಿಗೆ ಮಹಡಿ ಬಂತೆಂದು ಗೊತ್ತಾಗುತ್ತದೆ. ಲ್ಯಾಪ್‌ಟಾಪಿನ ಮುಚ್ಚಳದ ಅಂಚಿನಲ್ಲೂ ಅಂಥದ್ದೇ ಒಂದು ಚೂರು ಇರುತ್ತದೆ. ಮುಚ್ಚಳ ಹಾಕಿದಾಗ ಆ ಚೂರು ಕೆಳಗಿನ ಭಾಗಕ್ಕೆ ಹತ್ತಿರ ಬರುತ್ತದೆ, ಸರಿ, ಇನ್ನು ಮಲಗೋಣ ಎಂದು ಯಂತ್ರ ಮಲಗುತ್ತದೆ. ಅಮ್ಮನ ಎಡಗೈ ಹತ್ತಿರ ಬಂದಾಗಲೆಲ್ಲ ತನ್ನ ಮುಚ್ಚಳ ಹಾಕಿದರೆಂದೇ ಅದು ನಂಬಿತ್ತು. ಕೊನೆಗೂ ತಪ್ಪು ಬಾಗಿಲಿನದೇ! ಮೊದಲು ನೋಡಬೇಕಾದ್ದನ್ನು ಬಿಟ್ಟು ಸಿನಿಮಾ ನೋಡುತ್ತಾ ಕೂತ ನಾನೆಂಥ ಮೆಕ್ಯಾನಿಕ್ಕು. ರಿಪೇರಿ ಅಂಗಡಿಯಲ್ಲಿ ಅದು ಮಲಗದಿದ್ದದ್ದೂ ಅರ್ಥವಾಯಿತು. ಅಂದು ಒಳ್ಳೆಯ ಕೋಟು ಹಾಕಿಕೊಳ್ಳುವಾಗ ಪಟ್ಟಿ ಬಿಚ್ಚಿ ಮೊಳೆಗೆ ತೂಗುಹಾಕಿದ್ದಳು.

ಇದನ್ನೆಲ್ಲ ನಾನು ಒಂದು ಕಾಲು ಮಡಿಸಿದ, ಇನ್ನೊಂದು ಕಾಲು ನೆಲ ಗುಡಿಸುತ್ತಿದ್ದ ಪ್ಯಾಂಟಿನಲ್ಲಿ ಕುಣಿಯುತ್ತಾ ವಿವರಿಸಿದೆ. ಅಮ್ಮ ಕುಣಿಯಲಿಲ್ಲ. ಸ್ಟೂಲಿನ ಮೇಲೆ ಕೂತು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೇಳಿದಳು: "ಹಾಗಾದ್ರೆ ಅವಳು ಮುಚ್ಚಲಿಲ್ವಾ?" "ಇಲ್ಲ ಕಣೇ, ಅವಳು ಮುಚ್ಚಲಿಲ್ಲ, ನೀನೂ ಮುಚ್ಚಲಿಲ್ಲ" ಎಂದೆ. ಆಗ ಹೇಳಿದಳು. ನೀನು ಮದುವೆಯ ಸುದ್ದಿ ಹೇಳಿದಾಗ ಅವಳು ಎಡಗೈಯನ್ನು ಲ್ಯಾಪ್‌ಟಾಪಿನ ಮೇಲೆ ಊರಿ ಮುಂದಕ್ಕೆ ಬಾಗಿದ್ದಳಂತೆ, ಬಲಗೈಯಿಂದ ಪರದೆಯಲ್ಲಿನ ನಿನ್ನ ಕೆನ್ನೆ ಸವರಲು. ಹಿಂದಿನ ಎರಡು ಸಲವೂ ಅಷ್ಟೇ. ಒಂದು ಸಲ ನಿನ್ನ ಕೆಮ್ಮು ಕೇಳಿ, ಇನ್ನೊಂದು ಸಲ ನಿನ್ನ ಕೂದಲು ಕಣ್ಣಿಗೆ ಬಿದ್ದಿತೆಂದು ಹಿಂದಕ್ಕೆ ಸರಿಸಲು. ಅವಳಿಗೆ ನಿನ್ನ ಮೇಲೆ ಪ್ರೀತಿ ಉಕ್ಕಿದಾಗಲೆಲ್ಲ ಅವಳ ಕೈ ಮುಂದೆ ಬಂದಿದೆ, ನೀನು ಪ್ರೀತಿಯಿಂದ ಕಟ್ಟಿದ ಪಟ್ಟಿ ನಿನ್ನನ್ನೇ ಮಲಗಿಸಿದೆ. ನಾನು ಅತ್ತೆ. ಅವಳೂ ಅತ್ತಳು. ಅಷ್ಟು ಹೊತ್ತಿಗೆ ಜಿಪ್ಪು ಹಾಕಿಸಲು ಬಂದ ಅಂಚೆ ಕಚೇರಿಯ ಹೆಂಗಸು ಬಾಗಿಲಲ್ಲೇ ನಿಂತು, ಯಾರಾದರೂ ಹೋಗಿಬಿಟ್ಟರೇ ಎಂದು ಗಾಬರಿಯಿಂದ ಕೇಳಿದರು. ಇಲ್ಲ, ಮಗಳಿಗೆ ಮದುವೆ ಎಂದಳು ನಿನ್ನ ಅಮ್ಮ. ಆಮೇಲೆ ಮೂವರೂ ನಕ್ಕೆವು. ಜಿಪ್ಪು ಪುಕ್ಕಟೆ.

ಅಂದಿನಿಂದ ನಿನ್ನ ಅಮ್ಮನನ್ನು ಹಿಡಿಯುವವರಿಲ್ಲ. ಬಂದ ಗಿರಾಕಿಗಳಿಗೆಲ್ಲ ಇದೇ ಕಥೆ. ಎಡಗೈ ಬೀಸಿ ಲ್ಯಾಪ್‌ಟಾಪನ್ನು ಮಲಗಿಸಿ ತೋರಿಸುತ್ತಾಳೆ, ಜನ ಬೆರಗಾಗುತ್ತಾರೆ. ಹಲ್ಲಿನ ಡಾಕ್ಟರು ಒಂದು ಗುಂಡಿಗಾಗಿ ಎರಡು ಸಲ ಬಂದು ನೋಡಿಹೋದರು. ಕನ್ನಡಕದ ಹುಡುಗಿಯನ್ನು ಕರೆಸಿ ತೋರಿಸಿದಾಗ ಅವಳು ನೆಲದ ಮೇಲೆ ಕೂತು ನಕ್ಕಳು. "ಆಂಟಿ, ಅವತ್ತು ನಿಮ್ಮನ್ನ ನಂಬಲಿಲ್ಲ, ತಪ್ಪಾಯ್ತು" ಎಂದಳು. ಮುಚ್ಚಳ ಹಾಕಿದರೂ ಮಲಗದಂತೆ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಿ ಕೊಡುತ್ತೇನೆಂದೂ ಹೇಳಿದಳು. ಅಮ್ಮ ಬೇಡವೆಂದಳು. ಗುರುವಾರ ನೀನು ಕರೆ ಮಾಡುವ ಹೊತ್ತಿಗೆ ತಾನೇ ಪಟ್ಟಿ ಬಿಚ್ಚಿ ಮೊಳೆಗೆ ಹಾಕುತ್ತಾಳಂತೆ. ಅವಳ ಕೈಯಲ್ಲಿ ಅರ್ಧ ಮುಗಿದ ಕೆಲಸವಿದ್ದರೆ ಪಿನ್ನುಗಳು ಮತ್ತೆ ಬಾಯಿಗೆ ಹೋಗುತ್ತವೆ, ಅದು ಗ್ಯಾರಂಟಿ. ಆದ್ದರಿಂದ ಅವಳು ತುಟಿ ಬಿಗಿಹಿಡಿದು ಬರೀ ಹೂಂ ಎಂದರೆ ಕೋಪವೆಂದು ತಿಳಿಯಬೇಡ, ಬಾಯಲ್ಲಿ ಪಿನ್ನಿದೆ ಎಂದು ತಿಳಿ.

ಇನ್ನು ಹಠ ಬಿಡು, ತಾಯಿ. ಡಿಶ್ ಎದ್ದು ನಿಂತ ಕೂಡಲೇ ಕರೆ ಮಾಡು. ನಾಲ್ಕು ಜನರ ಮುಂದೆ ಮದುವೆ ಮಾಡಿಕೊಳ್ಳುವುದಾದರೆ ಆ ನಾಲ್ಕರಲ್ಲಿ ಇಬ್ಬರು ನಾವಾಗಿರಬೇಕು, ಮಿಕ್ಕಿಬ್ಬರನ್ನು ನೀವು ಆರಿಸಿಕೊಳ್ಳಿ. ದೋಣಿ ಹತ್ತಲು ನನಗೆ ಭಯವೆಂದು ಅಮ್ಮ ಹೇಳಿದರೆ ನಂಬಬೇಡ. ಎತ್ತರದ ಭಯವಿಲ್ಲದವನಿಗೆ ನೀರಿನ ಭಯವೇ? ಸ್ವಲ್ಪ ಇದೆ, ಆದರೂ ಬರುತ್ತೇನೆ. ದೋಣಿಯವನಿಗೆ ನನ್ನ ನಮಸ್ಕಾರ ತಿಳಿಸು, ನಿಧಾನವಾಗಿ ಓಡಿಸುವುದನ್ನು ಈಗಿನಿಂದಲೇ ಅಭ್ಯಾಸ ಮಾಡಿಕೊಳ್ಳಲಿ. ನೀವಿಬ್ಬರೂ ನೂರು ಕಾಲ ಸುಖವಾಗಿ ಬಾಳಿ. ಟೋಪಿ ಹಾಕಿಕೋ.

ಎರಡೂ ಕಾಲು ಸಮನಾದ ಪ್ಯಾಂಟಿನಲ್ಲಿ ಕೂತು ಬರೆಯುತ್ತಿರುವ
ನಿನ್ನ ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಮ್ಮ ಕೈ ತಡೆದಳು. ಆ ದಿನ ಕಪ್ಪು ಪರದೆಯ ಎದುರು ಅವಳು ಏನು ಹೇಳಿದ್ದಳೆಂದು ನನಗೂ ಇಷ್ಟು ದಿನ ಹೇಳಿರಲಿಲ್ಲ. ಈಗ ಹಿಂದೆ ನಿಂತು ಬರೆಸುತ್ತಿದ್ದಾಳೆ, ಅವಳ ಮಾತಿನಲ್ಲೇ ಬರೆಯುತ್ತೇನೆ: "ಕರ್ಕೊಂಡು ಬಾ ಅವನನ್ನ. ಮದುವೆ ಕೋಟು ನಾನೇ ಹೊಲೀಬೇಕು." ನಿನಗೆ ಕೇಳಿಸದೇ ಹೋದದ್ದು ಇದು. ಈಗ ಪೊಟ್ಟಣ ಬಿಚ್ಚು. ಒಳಗಿರುವುದು ಅವಳ ಸ್ವಂತ ಅಳತೆ ಟೇಪು, ನಮ್ಮ ಯಾರ ಕೈಗೂ ಕೊಡದೆ ಕುತ್ತಿಗೆಗೆ ಹಾಕಿಕೊಂಡೇ ಇರುವುದು. ನೀನು ಓದಿ ಮುಗಿಸುವಾಗ ಪತ್ರ ತಂದವನು ಇನ್ನೂ ಅಲ್ಲೇ ಇದ್ದರೆ ದೋಣಿ ಹತ್ತಲು ಬಿಡಬೇಡ, ನಿಲ್ಲಿಸಿ ಅಳೆ. ಭುಜ, ಎದೆ, ತೋಳು, ಬೆನ್ನಿನ ಉದ್ದ. ಉಸಿರು ಬಿಗಿಹಿಡಿದು ನಿಲ್ಲಬಾರದೆಂದು ಹೇಳು. ಬೇಗ ಕಳಿಸು, ಇವಳು ಬಟ್ಟೆ ಹರಡಿಕೊಂಡು ಕತ್ತರಿ ಹಿಡಿದು ನಿಂತಿದ್ದಾಳೆ.